ತಿಂಡಿ ಬೀದಿಯೂ ಶ್ರಾವಕನ ಬಾಡಿಗೆಯೂ

ಆಹಾರಶುದ್ಧಿಯ ವಿಷಯದಲ್ಲಿ ಜೈನ ಸಮಾಜವು ತನ್ನನ್ನು ಎಚ್ಚರದ ಸಮಾಜವೆಂದು ತಿಳಿದುಕೊಂಡಿದೆ. ನೀರನ್ನು ಸೋಸಿ ಕುಡಿಯುವುದು, ಕಂದಮೂಲಗಳನ್ನು ವರ್ಜಿಸುವುದು, ಸೂರ್ಯಾಸ್ತದೊಳಗೆ ಊಟ ಮುಗಿಸುವುದು ಶ್ರಾವಕನ ಮನೆಯ ಗುರುತುಗಳು. ಆದರೆ ಅಡುಗೆಮನೆಯಲ್ಲಿ ಕಾಯ್ದುಕೊಂಡ ಈ ಎಚ್ಚರವು ಅದೇ ಮನೆಯ ಬೀದಿಬದಿಯ ಮಳಿಗೆಯವರೆಗೆ ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಹಿಂದಿನ ಕೋಣೆಯಲ್ಲಿ ಸಂಜೆ ಆರಕ್ಕೆ ಒಲೆ ಆರಿಸುವ ಶ್ರಾವಕನೇ, ಮುಂದಿನ ಕೋಣೆಯಲ್ಲಿ ಸಂಜೆ ಆರಕ್ಕೆ ಒಲೆ ಹೊತ್ತಿಸುವವನಿಗೆ ಬಾಡಿಗೆಯ ಕರಾರು ಬರೆದುಕೊಡುತ್ತಾನೆ. ಒಂದೇ ಗೋಡೆಯ ಆಚೆ ವ್ರತ, ಈಚೆ ವ್ಯಾಪಾರ.

ನಗರಗಳಲ್ಲಿ ಇಂದು ತಿಂಡಿ ಬೀದಿಗಳು ಬೆಳೆಯುತ್ತಿವೆ. ಅವು ಬೆಳೆದದ್ದಕ್ಕೆ ಯುವಕರ ನಾಲಗೆಯ ಚಾಪಲ್ಯವನ್ನೂ ಪಾಶ್ಚಾತ್ಯ ಅನುಕರಣೆಯನ್ನೂ ದೂರುವುದು ಸಭೆಗಳಲ್ಲಿ ರೂಢಿಯಾಗಿದೆ. ಈ ದೂರು ಸುಲಭ, ಏಕೆಂದರೆ ಅದು ದೂರುವವನಿಗೆ ತಗಲುವುದಿಲ್ಲ. ತಿಂಡಿ ಬೀದಿ ಹುಟ್ಟುವ ಬಗೆಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಹೊಣೆ ಬೇರೆ ಕಡೆಗೆ ತಿರುಗುತ್ತದೆ. ತಿನ್ನುವವನು ಬರುವುದಕ್ಕೆ ಮುಂಚೆ ಮಳಿಗೆಯ ಒಡೆಯನು ಒಪ್ಪಿರುತ್ತಾನೆ.

ಬೀದಿ ಬದಲಾಗುವ ಬಗೆ

ಈ ಬದಲಾವಣೆಯ ಕ್ರಮ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ಜನ ನಿಲ್ಲುವುದಕ್ಕೆ ಒಂದು ಕಾರಣ ಬೇಕು: ಗುಡಿ, ಶಾಲೆ, ಚಿತ್ರಮಂದಿರ, ಬಸ್ಸಿನ ನಿಲುಗಡೆ ಅಥವಾ ಸಂಜೆ ಮುಚ್ಚುವ ಪೇಟೆ. ಅಲ್ಲಿಗೆ ಒಂದೆರಡು ಕೈಗಾಡಿಗಳು ಬರುತ್ತವೆ. ಭೇಳ್, ಗಿರಮಿಟ್, ಮಿರ್ಚಿ ಭಜಿ ಮಾರುವ ಈ ಗಾಡಿಗಳ ಬಂಡವಾಳ ಸಣ್ಣದು. ದುಡಿಯುವವರು ಗಂಡ, ಹೆಂಡತಿ. ಹಗಲಿನ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಖಾಲಿಯಾದ ಜಗಲಿಯ ಮುಂದೆ ಅವರು ಎರಡು ಮೂರು ತಾಸು ನಿಂತು ಹೋಗುತ್ತಾರೆ. ಇಷ್ಟರಿಂದ ಬೀದಿಯ ಸ್ವಭಾವ ಕೆಡುವುದಿಲ್ಲ. ಜಾತ್ರೆ ಉತ್ಸವಗಳಲ್ಲಿ ಎಲ್ಲ ಗಲ್ಲಿಗಳೂ ಇಂಥ ಗಾಡಿಗಳನ್ನು ಕಂಡಿವೆ.

ಎರಡನೆಯ ಹಂತದಲ್ಲಿ ಮಳಿಗೆಯ ಒಡೆಯನು ಎಚ್ಚರಗೊಳ್ಳುತ್ತಾನೆ. ಅವನ ಬಾಡಿಗೆದಾರರು ಹಿಟ್ಟಿನ ಗಿರಣಿಯವನು, ನೂಲಿನ ವ್ಯಾಪಾರಿ, ಹೊಲಿಗೆಯವನು, ಕಿರಾಣಿಯವನು. ಇವರ ಲಾಭ ನಿಧಾನದ್ದು. ಸರಕನ್ನಿಡಲು ಇವರಿಗೆ ಇಡೀ ಕೋಣೆ ಬೇಕು. ತಿಂಡಿಯ ಅಂಗಡಿಗೆ ಹಾಗಲ್ಲ. ಒಲೆ ಇಡಲು ಎಂಟು ಅಡಿ ಅಗಲದ ಮುಂಭಾಗ ಸಿಕ್ಕರೆ ಸಾಕು. ತಿನ್ನುವವರು ರಸ್ತೆಯಲ್ಲಿ ನಿಲ್ಲುತ್ತಾರೆ, ಅವರ ವಾಹನ ರಸ್ತೆಯಲ್ಲಿ ನಿಲ್ಲುತ್ತದೆ, ತಿಂದ ತಟ್ಟೆ ರಸ್ತೆಯಲ್ಲಿ ಬೀಳುತ್ತದೆ, ತೊಳೆದ ನೀರು ರಸ್ತೆಯ ಚರಂಡಿಗೆ ಹೋಗುತ್ತದೆ. ಅಂದರೆ ಊಟದ ಮನೆಯೂ ಕೈತೊಳೆಯುವ ಮನೆಯೂ ಸಾರ್ವಜನಿಕರ ಆಸ್ತಿ, ಅವುಗಳಿಗೆ ಬಾಡಿಗೆಯಿಲ್ಲ. ಆದ್ದರಿಂದಲೇ ತಿಂಡಿಯವನು ನೂಲಿನವನಿಗಿಂತ ಎರಡು ಪಟ್ಟು, ಮೂರು ಪಟ್ಟು ಬಾಡಿಗೆ ಕೊಡಲು ಮುಂದೆ ಬರುತ್ತಾನೆ.

ಈ ಲೆಕ್ಕವನ್ನು ಸರಿಯಾಗಿ ಓದಿಕೊಳ್ಳಬೇಕು. ಹೆಚ್ಚಾಗಿ ಬಂದ ಆ ಹಣ ಯಾವುದರ ಬೆಲೆ? ಗೋಡೆ ಹಳೆಯದೇ, ಮಾಳಿಗೆ ಹಳೆಯದೇ, ಚದರಡಿಯೂ ಹೆಚ್ಚಿಲ್ಲ. ಹೆಚ್ಚಿದ್ದು ರಸ್ತೆಯ ಉಪಯೋಗ ಮಾತ್ರ. ಊರಿನ ರಸ್ತೆಯನ್ನು ತನ್ನ ಹೊಸ್ತಿಲಿನ ಮೂಲಕ ಮಾರಿ, ಆ ಹಣವನ್ನು ಮಳಿಗೆಯ ಬಾಡಿಗೆಯೆಂದು ಒಡೆಯನು ಜಮಾ ಮಾಡಿಕೊಳ್ಳುತ್ತಾನೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದಕ್ಕೆ ಜೈನಶಾಸ್ತ್ರದಲ್ಲಿ ಅದತ್ತಾದಾನವೆಂದು ಹೆಸರು. ಅಚೌರ್ಯಾಣುವ್ರತವನ್ನು ತೂಕದ ಬಟ್ಟಿಗೂ ಅಳತೆಯ ಗಜಕ್ಕೂ ಹಚ್ಚಿ ನೋಡುವ ವ್ಯಾಪಾರಿಯು ಅದನ್ನು ಬಾಡಿಗೆಯ ಕರಾರಿಗೂ ಹಚ್ಚಿ ನೋಡಬೇಕಲ್ಲವೇ?

ಮೂರನೆಯ ಹಂತ ತಾನಾಗಿಯೇ ಬರುತ್ತದೆ. ಒಬ್ಬನ ಬಾಡಿಗೆ ಏರಿದ್ದನ್ನು ಕಂಡು ನೆರೆಯವನೂ ಜಗಲಿ ಒಡೆದು ಶಟರ್ ಹಾಕಿಸುತ್ತಾನೆ. ಗಿರಣಿಯವನೂ ಹೊಲಿಗೆಯವನೂ ಊರಂಚಿಗೆ ಸರಿಯುತ್ತಾರೆ. ಮೊದಲು ಬಂದಿದ್ದ ಕೈಗಾಡಿಯ ಬಡವನನ್ನು ಹೊಸ ಮಳಿಗೆಯವನೇ ಎಬ್ಬಿಸುತ್ತಾನೆ. ಬೀದಿಗೆ ಹೆಸರು ಬರುತ್ತದೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ದೂರದಿಂದ ಜನ ಬರುತ್ತಾರೆ. ಮೇಲಂತಸ್ತಿನ ವೃದ್ಧರು ಕಿಟಕಿ ಮುಚ್ಚಿಕೊಂಡು ಕೂಡುತ್ತಾರೆ. ಕೊನೆಗೆ ಅವರ ಮಕ್ಕಳು ಮನೆಯನ್ನೂ ಬಾಡಿಗೆಗೆ ಕೊಟ್ಟು ಹೊಸ ಬಡಾವಣೆಗೆ ಹೋಗುತ್ತಾರೆ.

ಬೆಂಗಳೂರು ಮತ್ತು ಇಂದೂರಿನ ಪಾಠ

ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ ಸಜ್ಜನರಾವ್ ವೃತ್ತದ ಬಳಿಯಿರುವ ತಿಂಡಿ ಬೀದಿ ರಾಜ್ಯಕ್ಕೆಲ್ಲ ಪರಿಚಿತ. ಅಲ್ಲಿ ದೋಸೆ, ಹೋಳಿಗೆ, ಪಡ್ಡು, ಅವರೆಬೇಳೆಯ ತಿನಿಸುಗಳು ಸಂಜೆಯಿಂದ ನಡುರಾತ್ರಿಯ ಸಮೀಪದವರೆಗೆ ಮಾರಾಟವಾಗುತ್ತವೆ. ಮಾಂಸಾಹಾರವಿಲ್ಲದಿರುವುದು ಆ ಬೀದಿಯ ಹೆಗ್ಗಳಿಕೆ. ಸುತ್ತಲಿನ ನಿವಾಸಿಗಳಲ್ಲಿ ವೈಶ್ಯರು, ಬ್ರಾಹ್ಮಣರು, ಜೈನರು ಬಹಳ; ಶ್ವೇತಾಂಬರ ಸಮಾಜದ ಸಂಭವನಾಥ ಮಂದಿರವೂ ಅದೇ ಬಡಾವಣೆಯಲ್ಲಿದೆ. ಒಂದು ಬೇಕರಿ ಮತ್ತು ಕೆಲವು ಗಾಡಿಗಳಿಂದ ಬೆಳೆದ ಆ ಬೀದಿಗೆ ಚಳಿಗಾಲದ ಅವರೆಬೇಳೆ ಮೇಳವು ಇನ್ನಷ್ಟು ಜನರನ್ನು ತಂದಿತು. ದಟ್ಟಣೆ ತಾಳಲಾರದೆ 2023ರ ಜನವರಿಯಲ್ಲಿ ಆ ಮೇಳವನ್ನು ನ್ಯಾಷನಲ್ ಕಾಲೇಜು ಮೈದಾನಕ್ಕೆ ಸಾಗಿಸಬೇಕಾಯಿತು. ಅದೇ ವರ್ಷ ಪಾಲಿಕೆಯು ಬೀದಿಯನ್ನು ಅಭಿವೃದ್ಧಿಪಡಿಸಲು ಹೊರಟಾಗ ಅಲ್ಲಿಯ ನಿವಾಸಿಗಳೇ ಬೀದಿಗಿಳಿದು ಪ್ರತಿಭಟಿಸಿದರು. ಸದ್ದು, ಕಸ, ವಾಹನ ನಿಲುಗಡೆ, ಮನೆಯ ಬಾಗಿಲು ತೆರೆಯಲಾಗದ ಜನಸಂದಣಿ ಅವರ ದೂರುಗಳಾಗಿದ್ದವು. ಇಡೀ ಬೀದಿ ಸಸ್ಯಾಹಾರಿಯಾಗಿದ್ದುದು ಈ ಯಾವ ತೊಂದರೆಯನ್ನೂ ತಡೆಯಲಿಲ್ಲವೆಂಬುದನ್ನು ಗಮನಿಸಬೇಕು.

ಇಂದೂರಿನ ಸರಾಫಾ ಬಜಾರು ಇನ್ನೂ ಹತ್ತಿರದ ಉದಾಹರಣೆ. ಹಗಲು ಅದು ಬೆಳ್ಳಿ ಬಂಗಾರದ ಪೇಟೆ; ಅಲ್ಲಿಯ ವ್ಯಾಪಾರಿಗಳಲ್ಲಿ ಜೈನರೂ ಇದ್ದಾರೆ. ರಾತ್ರಿ ಚಿನ್ನದ ಅಂಗಡಿಗಳು ಮುಚ್ಚಿದ ಮೇಲೆ ಅವುಗಳ ಕಟ್ಟೆಯ ಮುಂದೆ ತಿನಿಸಿನ ಅಂಗಡಿಗಳು ತೆರೆದು ನಡುರಾತ್ರಿ ಕಳೆದ ಮೇಲೂ ನಡೆಯುತ್ತವೆ. ರಾತ್ರಿಯೆಲ್ಲ ಜನ ಓಡಾಡಿದರೆ ಕಳ್ಳರ ಭಯವಿಲ್ಲವೆಂದು ಚಿನ್ನದ ವ್ಯಾಪಾರಿಗಳೇ ಹಿಂದೆ ಅವರನ್ನು ಬರಮಾಡಿಕೊಂಡರೆಂದು ಅಲ್ಲಿ ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ಅದೇ ವ್ಯಾಪಾರಿಗಳು ಅನಿಲ ಸಿಲಿಂಡರುಗಳ ಅಪಾಯವನ್ನೂ ಇಕ್ಕಟ್ಟನ್ನೂ ತೋರಿಸಿ, ತಿನಿಸಿನ ಅಂಗಡಿಗಳನ್ನು ಬೇರೆಡೆಗೆ ಸಾಗಿಸಬೇಕೆಂದು ಪಾಲಿಕೆಯನ್ನು ಒತ್ತಾಯಿಸಿದ್ದಾರೆ. ಕರೆದವರಿಗೆ ಕಳಿಸುವ ಶಕ್ತಿ ಉಳಿಯಲಿಲ್ಲ. ತಿಜೋರಿಯನ್ನು ಕಾಯಲೆಂದು ರಾತ್ರಿಭೋಜನವನ್ನು ಕಾವಲಿಗಿಟ್ಟದ್ದರ ಫಲವಿದು.

ಗೋವಾವೇಸದಿಂದ ವಡಗಾವಿಗೆ

ಬೆಳಗಾವಿ ಈ ದಾರಿಯಲ್ಲಿ ಹಿಂದೆ ಬಿದ್ದಿಲ್ಲ. 1924ರ ಕಾಂಗ್ರೆಸ್ ಅಧಿವೇಶನ ನಡೆದ ಟಿಳಕವಾಡಿಯಲ್ಲಿ, ಗೋವಾವೇಸದ ಬಳಿ, ಬೀದಿಬದಿಯ ವ್ಯಾಪಾರಿಗಳಿಗಾಗಿ ತಿನಿಸು ಕಟ್ಟೆಯೊಂದು ನಿರ್ಮಾಣವಾಯಿತು; ಜನ ಅದನ್ನು ಖಾವು ಕಟ್ಟಾ ಎಂದೂ ಕರೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಯ ಮಳಿಗೆಗಳು ನಗರಸೇವಕರ ಕುಟುಂಬದವರ ಹೆಸರಿಗೆ ಹಂಚಿಕೆಯಾದವೆಂಬ ದೂರು ಎದ್ದು, 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರು ನಗರಸೇವಕರ ಸದಸ್ಯತ್ವವನ್ನು ರದ್ದುಪಡಿಸುವ ಆದೇಶ ಹೊರಡಿಸಿದರು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ಪ್ರಕರಣದ ಸರಿತಪ್ಪುಗಳನ್ನು ನ್ಯಾಯಪೀಠಗಳು ನೋಡಲಿ. ಇಲ್ಲಿ ತಿಳಿಯಬೇಕಾದದ್ದು ಇಷ್ಟೇ: ಬಡವನ ಒಲೆಗೆಂದು ಕಟ್ಟಿದ ಕಟ್ಟೆಯೂ ಜನಪ್ರಿಯವಾದೊಡನೆ ಆಸ್ತಿಯಾಗುತ್ತದೆ, ಆಸ್ತಿಯಾದೊಡನೆ ವ್ಯಾಜ್ಯವಾಗುತ್ತದೆ.

ಗೋವಾವೇಸದಿಂದ ಶಹಾಪುರವನ್ನು ದಾಟಿದರೆ ವಡಗಾವಿ. ವಡಗಾವಿ, ಖಾಸಬಾಗ, ಶಹಾಪುರಗಳು ನೇಕಾರರ ಪೇಟೆಗಳು. ಇಲ್ಲಿಯ ಗಲ್ಲಿಗಳಲ್ಲಿ ಮನೆಯ ಮುಂಭಾಗವೇ ಮಗ್ಗದ ಕೋಣೆ. ಅದರ ಪಕ್ಕದಲ್ಲಿ ನೂಲು, ಬಣ್ಣ, ಮಗ್ಗದ ಬಿಡಿಭಾಗಗಳ ಅಂಗಡಿ. 2020ರ ಲಾಕ್‌ಡೌನ್ ಕಾಲದಲ್ಲಿ ಸೀರೆಯ ಮಾರಾಟ ನಿಂತಾಗ ಈ ಪೇಟೆಗಳು ಅನುಭವಿಸಿದ ಕಷ್ಟ ಎಲ್ಲರಿಗೂ ಗೊತ್ತು. ಸೋತ ಮಗ್ಗದ ಕೋಣೆಗೆ ಮೊದಲು ಬಂದು ಬಾಡಿಗೆ ಕೇಳುವವನು ಇನ್ನೊಬ್ಬ ನೇಕಾರನಾಗಿರುವುದಿಲ್ಲ. ದೊಡ್ಡ ಅನಾಮತ್ತು ಹಿಡಿದುಕೊಂಡು ಬರುವವನು ಗೋಬಿ ಮಂಚೂರಿಯವನು, ಪಾವ್‌ಭಾಜಿಯವನು. ಜಗಲಿ ಒಡೆದ ಮೇಲೆ ಮಗ್ಗ ಮತ್ತೆ ಆ ಕೋಣೆಗೆ ಬರುವುದಿಲ್ಲ. ಮಗ್ಗ ನಡೆಯುವ ಕೋಣೆಗೆ ಸಿಗುವ ಸಾಧಾರಣ ಬಾಡಿಗೆಯಿಂದ ಒಂದು ಕುಟುಂಬದ ಉದ್ಯೋಗ ಉಳಿಯುತ್ತದೆ. ಈ ಪೇಟೆಗಳಲ್ಲಿ ಮಳಿಗೆಯುಳ್ಳ ಶ್ರಾವಕರೂ ಬಸದಿಗಳ ವಿಶ್ವಸ್ತರೂ ಈ ಮಾತನ್ನು ತಮ್ಮ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಬೆಳಗಾವಿಯ ಕೋಟೆಯಲ್ಲಿ ರಟ್ಟರ ಕಾಲದ ಕಮಲ ಬಸದಿಯನ್ನು ಕಟ್ಟಿಸಿದ ಸಮಾಜ, 1899ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಆರಂಭಿಸಿದ ಸಮಾಜ, ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರನ್ನು ಲೋಕಕ್ಕೆ ಕೊಟ್ಟ ಸೀಮೆಯ ಸಮಾಜ ಬಾಡಿಗೆಯ ವಿಷಯದಲ್ಲಿ ಮಾತ್ರ ಎಲ್ಲರಂತೆ ಇರುವೆನೆಂದರೆ ಶೋಭಿಸುವುದಿಲ್ಲ.

ಹೇಳಿಕೊಳ್ಳುವ ಸಮಾಧಾನಗಳು

ಮೊದಲನೆಯ ಸಮಾಧಾನ: ಬಾಡಿಗೆದಾರನು ಶುದ್ಧ ಸಸ್ಯಾಹಾರಿ, ಅವನಲ್ಲಿ ಜೈನ ತಿನಿಸೂ ದೊರೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಬಿಟ್ಟು, ಬಟಾಟೆಯ ಬದಲು ಬಾಳೆಕಾಯಿ ಹಾಕಿ ಮಾಡಿದ್ದಕ್ಕೆ ಈಗ ಜೈನ ಪಾವ್‌ಭಾಜಿ ಎಂದು ಫಲಕ ತೂಗುತ್ತದೆ. ಅದನ್ನು ರಾತ್ರಿ ಹತ್ತು ಗಂಟೆಗೆ, ಈಗಷ್ಟೇ ಈರುಳ್ಳಿ ಹುರಿದ ಅದೇ ಕಾವಲಿಯ ಮೇಲೆ ಮಾಡಿಕೊಡುತ್ತಾರೆ. ರಾತ್ರಿಯ ಜೈನ ತಿನಿಸು ಎಂಬುದು ಬಂಜೆಯ ಮಗನೆಂಬಂಥ ಮಾತು. ಸಮಂತಭದ್ರಾಚಾರ್ಯರು ಹೇಳಿದ ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದು ರಾತ್ರಿಭುಕ್ತಿವಿರತ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ದೀಪ ಹಚ್ಚಿಕೊಂಡು ಉಂಡರಾಗದೇ ಎಂಬ ವಾದವನ್ನು ಸಾವಿರ ವರ್ಷಗಳ ಹಿಂದೆಯೇ ಎತ್ತಿ ಉತ್ತರಿಸಿದ್ದಾರೆ. ಸೂರ್ಯನ ಬೆಳಕಿಲ್ಲದಾಗ ಅನ್ನದಲ್ಲಿ ಬೀಳುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ದೀಪ ತಪ್ಪಿಸಲಾರದೆಂಬುದು ಅವರ ನಿರ್ಣಯ. ಇಂದಿನ ಪ್ರಖರ ವಿದ್ಯುದ್ದೀಪವೂ ಆ ನಿರ್ಣಯವನ್ನು ಬದಲಿಸಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತಿಂಡಿ ಅಂಗಡಿಯ ದೀಪದ ಸುತ್ತ ಮುತ್ತುವ ಮಳೆಹುಳಗಳು ಬೀಳುವುದು ಕುದಿಯುವ ಎಣ್ಣೆಯಲ್ಲಿಯೇ. ಜೀವಹಾನಿಯಾದೀತೆಂದು ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ತಂಗುವ ಚಾತುರ್ಮಾಸದ ತಿಂಗಳುಗಳೇ ಅವು.

ಎರಡನೆಯ ಸಮಾಧಾನ: ಒಲೆ ಹೊತ್ತಿಸುವವನು ಬೇರೆ, ತಿನ್ನುವವನು ಬೇರೆ, ಒಡೆಯನು ಬಾಡಿಗೆ ಪಡೆಯುತ್ತಾನೆ ಮಾತ್ರ. ಈ ಮಾತನ್ನು ಬೇರೆ ಯಾರಾದರೂ ಆಡಬಹುದು, ಜೈನನು ಆಡಲಾರ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ಜೀವಾಧಿಕರಣವನ್ನು ಎಣಿಸಿದೆ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು, ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಈ ಲೆಕ್ಕವನ್ನೇ ಕಾರಣವಾಗಿ ಹೇಳುವುದುಂಟು. ಕೃತದಷ್ಟೇ ಕಾರಿತವೂ ಅನುಮೋದನೆಯೂ ಲೆಕ್ಕಕ್ಕೆ ಬರುವ ಧರ್ಮದಲ್ಲಿ, ವ್ಯಾಪಾರದ ಸ್ವರೂಪವನ್ನು ತಿಳಿದು ಕರಾರಿಗೆ ಸಹಿ ಮಾಡಿ ಪ್ರತಿ ತಿಂಗಳು ಅದರ ಫಲವನ್ನು ಪಡೆಯುವುದಕ್ಕೆ ಅನುಮೋದನೆಯೆಂದಲ್ಲದೆ ಬೇರೆ ಯಾವ ಹೆಸರಿದೆ? ಶ್ವೇತಾಂಬರ ಆಗಮವಾದ ಉಪಾಸಕದಶಾಂಗವು ಶ್ರಾವಕನಿಗೆ ವರ್ಜ್ಯವೆಂದ 15 ವ್ಯವಹಾರಗಳಲ್ಲಿ ಮೊದಲನೆಯದು ಬೆಂಕಿ ಕೆಂಡಗಳಿಂದ ನಡೆಯುವ ಅಂಗಾರಕರ್ಮವೆಂಬುದನ್ನೂ ಇಲ್ಲಿ ನೆನೆಯಬಹುದು.

ಮೂರನೆಯ ಸಮಾಧಾನವನ್ನು ವಿಶ್ವಸ್ತರು ಹೇಳುತ್ತಾರೆ: ಮಳಿಗೆಯ ಬಾಡಿಗೆ ಬಸದಿಗೇ ಸಲ್ಲುತ್ತದೆ, ಅದರಿಂದ ಅಭಿಷೇಕ ನಡೆಯುತ್ತದೆ, ಪಾಠಶಾಲೆ ನಡೆಯುತ್ತದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳಹೊರಟಾಗ ಮೊದಲು ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನು. ಪೂಜೆ ಅದರ ನಂತರದ ಮಾತು. ರಾತ್ರಿಭೋಜನದಿಂದ ಬಂದ ಹಣದಲ್ಲಿ ಕೊಂಡ ಹಾಲಿನಿಂದ ಅಭಿಷೇಕ ಮಾಡಿಸಿ, ಅದೇ ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ರಾತ್ರಿಭೋಜನ ತ್ಯಾಗದ ನಿಯಮ ಕೊಡಿಸುವುದು ಹೇಗೆ? ಮಕ್ಕಳು ಪ್ರಶ್ನೆ ಕೇಳದಿದ್ದರೂ ಬಸದಿಯ ಬಾಗಿಲ ಮಗ್ಗುಲ ಮಳಿಗೆಯನ್ನು ನೋಡುತ್ತಲೇ ಬೆಳೆಯುತ್ತಾರೆ.

ನಾಲ್ಕನೆಯ ಮಾತು ಗಂಭೀರವಾದದ್ದು, ಅದನ್ನು ಗೌರವದಿಂದ ಕೇಳಬೇಕು. ತಿನಿಸು ಮಾರಿ ಬದುಕುವವರಲ್ಲಿ ವಿಧವೆಯರಿದ್ದಾರೆ, ಕೆಲಸ ಕಳೆದುಕೊಂಡ ನೇಕಾರರಿದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ಅಹಿಂಸೆಯೇ? ಖಂಡಿತ ಅಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಪಟ್ಟಣ ಮಾರಾಟ ಸಮಿತಿಗಳಲ್ಲಿ ಅವರ ಪ್ರತಿನಿಧಿಗಳಿಗೆ ಸ್ಥಾನವಿದೆ. ಕೈಗಾಡಿಯವನ ವಿರುದ್ಧ ಪಾಲಿಕೆಗೆ ಅರ್ಜಿ ಬರೆಯುವುದು ಶ್ರಾವಕನ ಕೆಲಸವಲ್ಲ. ಆದರೆ ಬಡವನ ಹೆಸರು ಹೇಳುವ ಒಡೆಯನು ಹೆಚ್ಚಿನ ಬಾಡಿಗೆಯನ್ನು ಯಾರಿಂದ ಪಡೆಯುತ್ತಿದ್ದಾನೆ? ಆ ವಿಧವೆಯು ಅಂಥ ಬಾಡಿಗೆಯನ್ನು ಎಂದೂ ಕೊಡಲಾರಳು. ಬೀದಿಯ ಬಾಡಿಗೆ ಏರಿದಂತೆಲ್ಲ ಮೊದಲು ನೆಲೆ ತಪ್ಪುವವಳು ಅವಳೇ. ಅವಳನ್ನು ಮುಂದಿಟ್ಟುಕೊಂಡು ಮೂರು ಪಟ್ಟು ಬಾಡಿಗೆಯನ್ನು ಸಮರ್ಥಿಸುವುದು ಕರುಣೆಯ ವೇಷ ತೊಟ್ಟ ಲೋಭ.

ಮಾಡಬೇಕಾದದ್ದು

ಊರಿಗೆಲ್ಲ ನಿಯಮ ವಿಧಿಸುವ ಅಧಿಕಾರ ಜೈನ ಸಮಾಜಕ್ಕಿಲ್ಲ, ಬೇಕಾಗಿಯೂ ಇಲ್ಲ. ರಾತ್ರಿ ಉಣ್ಣುವ ಅನ್ಯಧರ್ಮೀಯರನ್ನು ಹಳಿಯುವುದು ಅನೇಕಾಂತವನ್ನು ಒಪ್ಪುವವರಿಗೆ ಒಪ್ಪುವ ಮಾತಲ್ಲ. ಆದರೆ ಸ್ವಂತ ಮಳಿಗೆಯ ಕರಾರು ಸ್ವಂತ ಕೈಯಲ್ಲಿದೆ. ಬಸದಿಗಳ ವಿಶ್ವಸ್ತ ಮಂಡಳಿಗಳು ಮುಂದಿನ ವಾರ್ಷಿಕ ಸಭೆಯಲ್ಲಿ ಕೆಲವು ನಿರ್ಣಯಗಳನ್ನು ಕೈಗೊಳ್ಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಬಸದಿಯ ಮಳಿಗೆಗಳನ್ನು ಸೂರ್ಯಾಸ್ತದ ನಂತರ ಆಹಾರ ಬೇಯಿಸಿ ಮಾರುವ ವ್ಯಾಪಾರಕ್ಕೆ ಹೊಸದಾಗಿ ಕೊಡಕೂಡದು. ಈಗಾಗಲೇ ಕೊಟ್ಟಿರುವಲ್ಲಿ ಬಾಡಿಗೆದಾರನನ್ನು ಹಠಾತ್ತಾಗಿ ಹೊರಹಾಕಬಾರದು. ಕರಾರಿನ ಅವಧಿ ಮುಗಿಯುವವರೆಗೆ ಕಾದು, ಹಗಲಿನ ವ್ಯಾಪಾರಕ್ಕೆ ತಿರುಗುವೆನೆಂದರೆ ಬಾಡಿಗೆ ಇಳಿಸಿ ಅವನನ್ನೇ ಮುಂದುವರಿಸಬೇಕು. ಆ ನಷ್ಟವನ್ನು ಸಮಾಜವು ಹೊರಬೇಕು, ಬಡ ಅಡುಗೆಯವನಲ್ಲ.

ಹಗಲಿನ ತಿಂಡಿ ಅಂಗಡಿಗೂ ಶರತ್ತುಗಳಿರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಹಾನಿಯೆಂದು, ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರದ ನಿಯಮವು 2018ರ ಜುಲೈ 1ರಿಂದ ಅಂಥ ಎಣ್ಣೆಯಲ್ಲಿ ಉಂಟಾಗುವ ಧ್ರುವೀಯ ಸಂಯುಕ್ತಗಳಿಗೆ ಶೇಕಡಾ 25ರ ಮಿತಿ ಹಾಕಿದೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಈ ನಿಯಮಗಳ ಪಾಲನೆ, ಚರಂಡಿಗೆ ಎಣ್ಣೆ ಸುರಿಯದಿರುವುದು, ಸೋಸಿದ ನೀರು, ಬಾಲಕರನ್ನು ದುಡಿಸದಿರುವುದು, ರಸ್ತೆಗೆ ಮೇಜು ಕುರ್ಚಿ ಚಾಚದಿರುವುದು ಕರಾರಿನಲ್ಲಿ ಬರವಣಿಗೆಯಾಗಿ ಇರಬೇಕು. ರಸ್ತೆ ಊರಿನದು, ಅದರ ಬಾಡಿಗೆಯನ್ನು ಬಸದಿ ಪಡೆಯಬಾರದು.

ಜೈನ ಎಂಬ ಹೆಸರನ್ನು ರಾತ್ರಿಯ ತಿನಿಸಿನ ಫಲಕದಲ್ಲಿ ಬರೆಯಗೊಡಬಾರದು. ಈರುಳ್ಳಿಯಿಲ್ಲದ್ದು ಎಂದಷ್ಟೇ ಬರೆದರೆ ಗಿರಾಕಿಗೆ ತಿಳಿಯುತ್ತದೆ. ತೀರ್ಥಂಕರರ ಶಾಸನದ ಹೆಸರು ಪಲ್ಯದ ರುಚಿಯ ಹೆಸರಾಗುವುದನ್ನು ಕಂಡೂ ಸುಮ್ಮನಿರುವ ಸಮಾಜ ಮುಂದೊಂದು ದಿನ ತನ್ನ ಮಕ್ಕಳಿಗೆ ಧರ್ಮವೆಂದರೆ ಈರುಳ್ಳಿ ಬಿಡುವುದೆಂದಷ್ಟೇ ಕಲಿಸಿರುತ್ತದೆ.

ಕೊನೆಯದು, ಬೇಡವೆಂದು ಹೇಳುವುದರ ಜೊತೆಗೆ ಬೇಕಾದದ್ದನ್ನು ಕೊಡುವ ಕೆಲಸ. ಬೆಳಗಾವಿಯಲ್ಲಿ ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ ಸುಮಾರು 6 ಗಂಟೆಗೆ, ಜೂನಿನಲ್ಲಿ 7ರ ಆಸುಪಾಸಿಗೆ. ಕಚೇರಿ, ಕಾಲೇಜು, ಅಂಗಡಿಗಳಲ್ಲಿರುವ ಯುವಕರು ಅಷ್ಟರೊಳಗೆ ಮನೆ ಮುಟ್ಟಲಾರರು. ಹಸಿದವರು ತಿಂಡಿ ಬೀದಿಯಲ್ಲಿ ನಿಲ್ಲುತ್ತಾರೆ. ಅವರನ್ನು ಬೈಯುವ ಬದಲು ಪೇಟೆಯ ನಡುವಿನ ಒಂದು ಮಳಿಗೆಯಲ್ಲಿ ಸಂಜೆ ನಾಲ್ಕೂವರೆಯಿಂದ ಸೂರ್ಯಾಸ್ತದವರೆಗೆ ಊಟ ಕೊಡುವ ಭೋಜನಶಾಲೆಯನ್ನು ಬಸದಿಯೇ ನಡೆಸಲಿ. ಅದರ ಅಡುಗೆಯ ಕೆಲಸವನ್ನು ಆ ಗಲ್ಲಿಯ ನಿರ್ಗತಿಕ ಹೆಣ್ಣುಮಕ್ಕಳಿಗೆ ಕೊಡಲಿ. ಬಾಡಿಗೆಯ ಹೆಚ್ಚಳವನ್ನು ಬಿಟ್ಟುಕೊಟ್ಟು ಇಂಥದೊಂದು ಒಲೆಯನ್ನು ಹೊತ್ತಿಸಿದರೆ ಆಹಾರದಾನವೂ ಆಯಿತು, ವ್ರತರಕ್ಷಣೆಯೂ ಆಯಿತು.

ದೀಪಾವಳಿಯಂದು, ಮಹಾವೀರ ಸ್ವಾಮಿಯ ನಿರ್ವಾಣದ ದಿನ, ಜೈನ ವ್ಯಾಪಾರಿಗಳು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಈ ಸಲ ಪುಸ್ತಕಕ್ಕೆ ಗಂಧ ಹಚ್ಚುವ ಮುನ್ನ ಪ್ರತಿಯೊಂದು ಕುಟುಂಬವೂ ಪ್ರತಿಯೊಂದು ವಿಶ್ವಸ್ತ ಮಂಡಳಿಯೂ ಬಾಡಿಗೆಯ ಪುಟವನ್ನು ತೆರೆದು, ಯಾವ ಮಳಿಗೆಯ ಹಣ ಯಾವ ಹೊತ್ತಿನಲ್ಲಿ ಗಳಿಸಿದ್ದು ಎಂದು ಒಂದೊಂದಾಗಿ ಗುರುತು ಹಾಕಲಿ.